ತಗಡಿನ ಆಚೆಯ ಇಂಗ್ಲಿಷ್

ಅವರ ಮುಖಕ್ಕಿಂತ ಮೊದಲು ನನಗೆ ಪರಿಚಯವಾದದ್ದು ಅವರ ಪಾದ. ಜೀಪಿನ ಅಡಿಯಿಂದ ಹೊರಗೆ ಚಾಚಿಕೊಂಡ ಎರಡು ಪಾದಗಳು. ಹಿಮ್ಮಡಿಯ ಬಿರುಕುಗಳಲ್ಲಿ ಕಪ್ಪಗೆ ಆಯಿಲ್ ಕೂತಿತ್ತು, ಬಲಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಪಕ್ಕದಲ್ಲಿ ಬಿಟ್ಟಿದ್ದ ಹವಾಯಿ ಚಪ್ಪಲಿಯ ಬಾರು ಕಿತ್ತುಹೋಗಿ ಅದಕ್ಕೆ ತಾಮ್ರದ ತಂತಿ ಸುತ್ತಿದ್ದರು. ನಾನು ಹೊಸದಾಗಿ ಹಿಡಿದ ಟೈಲರ್ ಅಂಗಡಿಯ ಬಾಗಿಲು ತೆಗೆಯಲು ಹೋದ ಮೊದಲ ಬೆಳಿಗ್ಗೆ ಆ ಪಾದಗಳನ್ನು ದಾಟಿಯೇ ಹೋಗಬೇಕಿತ್ತು. ದಾಟಲೋ ಬೇಡವೋ ಎಂದು ನಿಂತಿದ್ದಾಗ ಜೀಪಿನ ಅಡಿಯಿಂದ ಒಂದು ಇಂಗ್ಲಿಷ್ ಮಾತು ಬಂತು. ನನಗೆ ಇಂಗ್ಲಿಷ್ ಅಷ್ಟಾಗಿ ಬರದು, ಆದರೆ ಅದು ಒಳ್ಳೆಯ ಮಾತಲ್ಲ ಎಂದು ತಿಳಿಯುವಷ್ಟು ಬರುತ್ತಿತ್ತು. ಸೆರಗು ಸರಿಮಾಡಿಕೊಂಡು ರಸ್ತೆಯ ಕಡೆಯಿಂದ ಸುತ್ತಿ ಹೋದೆ.

ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ, ಬಾಳೂರು ದಾಟಿ ಸ್ವಲ್ಪ ಮುಂದೆ, ಒಂದು ತಿರುವಿನಲ್ಲಿ ಐದು ಅಂಗಡಿಗಳ ಸಾಲಿದೆ. ಕಟ್ಟಡ ಅಲ್ಲಿನ ಒಬ್ಬ ಪ್ಲಾಂಟರದ್ದು. ನನ್ನ ಗಂಡ ಅವರ ಎಸ್ಟೇಟಿನಲ್ಲೇ ರೈಟರ್, ಆಳುಗಳ ಹಾಜರಿ ಬರೆಯುವ ಕೆಲಸ. ನಾನು ಕಡೂರು ಕಡೆಯ ಬಯಲಿನಿಂದ ಮದುವೆಯಾಗಿ ಬಂದವಳು. ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಕ್ವಾರ್ಟರ್ಸಿನಲ್ಲಿ ಕೂತು ಕೂತು ಬೇಜಾರಾಗಿ, ಗಂಡನ ಕೈಲಿ ಎಸ್ಟೇಟಿನ ಯಜಮಾನರನ್ನು ಕೇಳಿಸಿ ಕೊನೆಯ ಮಳಿಗೆ ಹಿಡಿದೆ. ಅದರ ಪಕ್ಕದ್ದೇ ಗ್ಯಾರೇಜು. ಎರಡರ ನಡುವೆ ಗೋಡೆ ಇರಲಿಲ್ಲ, ತಗಡಿನ ಶೀಟು ಇತ್ತು. ಹನ್ನೊಂದು ವರ್ಷ ನಾನು ಆ ತಗಡಿಗೆ ಬೆನ್ನು ಕೊಟ್ಟು ಕೂತು ಹೊಲಿದೆ. ಆಚೆ ಬದಿಯಲ್ಲಿದ್ದವರನ್ನು ಎಲ್ಲರೂ ಸಾಹೇಬ್ರು ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಅವರ ಹೆಸರನ್ನು ಸಾಕಷ್ಟು ಜನ ಸಾಕಷ್ಟು ಸಲ ಬರೆದು ಎಳೆದಾಡಿದ್ದಾರೆ, ನನ್ನದೂ ಒಂದು ಬೇಡ.

ಅವರ ಇಂಗ್ಲಿಷಿನಲ್ಲಿ ಒಟ್ಟು ಆರೋ ಏಳೋ ಶಬ್ದಗಳಿದ್ದವು, ಒಂದೂ ಶಾಲೆಯಲ್ಲಿ ಕಲಿಸುವಂಥದ್ದಲ್ಲ. ಮೀಸೆ ಮೂಡುವ ಮೊದಲೇ ಯಾವುದೋ ಎಸ್ಟೇಟಿನ ವರ್ಕ್‌ಶಾಪು ಸೇರಿದ್ದರಂತೆ. ಅಲ್ಲಿನ ಮ್ಯಾನೇಜರು ಬಿಳಿಯರ ಕೈಕೆಳಗೆ ಕೆಲಸ ಕಲಿತ ಮುದುಕ. ಕಾಫಿಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮಿಷನ್ನಿನ ಮುಂದೆ ನಿಂತು, ಅದಕ್ಕೆ ಬೈಯುತ್ತಲೇ ಇವರಿಗೆ ಸ್ಪ್ಯಾನರ್ ಹಿಡಿಯಲು ಕಲಿಸಿದ. ಹಾಗಾಗಿ ಸಾಹೇಬರಿಗೆ ಕೆಲಸವೂ ಬೈಗುಳವೂ ಒಟ್ಟಿಗೇ ಬಂದವು, ಒಂದನ್ನು ಬಿಟ್ಟು ಇನ್ನೊಂದನ್ನು ಮಾಡಲು ಅವರಿಗೆ ಗೊತ್ತಿರಲಿಲ್ಲ.

ಮೊದಲ ತಿಂಗಳು ನಾನು ಕಿವಿಗೆ ಹತ್ತಿ ಇಟ್ಟುಕೊಳ್ಳುವುದೊಂದು ಬಾಕಿ. ಎರಡನೆಯ ತಿಂಗಳಿಗೆ ದನಿ ಗುರುತು ಹತ್ತಿತು. ಬಗ್ಗರ್ ಎಂದು ಗಿಡ್ಡವಾಗಿ ಅಂದರೆ ಅದು ಅವರಿಗೆ ಬೇಕಾದ ಮನುಷ್ಯ. ಅದನ್ನೇ ಎಳೆದು ಅಂದರೆ ಪಾಪ ಎಂದರ್ಥ. ಕೈಯಿಂದ ಸ್ಪ್ಯಾನರ್ ಜಾರಿದರೂ ಶಿಟ್, ಬಟ್ಟೆ ಒಣಹಾಕಿದಾಗ ಮೋಡ ಕವಿದರೂ ಶಿಟ್, ಯಾರೋ ಆಸ್ಪತ್ರೆ ಸೇರಿದರು ಎಂಬ ಸುದ್ದಿ ಬಂದರೂ ಅದೇ, ಆದರೆ ಆಗ ಮೆಲ್ಲಗೆ, ತಲೆ ತಗ್ಗಿಸಿ. ಬಾಸ್ಟರ್ಡ್ ಎನ್ನುವ ಪದವಿ ಮನುಷ್ಯರಿಗೆ ಸಿಗುತ್ತಿರಲಿಲ್ಲ, ಅದು ಡೀಸೆಲ್ ಇಂಜಿನ್ನುಗಳಿಗೆ ಮೀಸಲು. ಮೂರು ದಿನ ಸತಾಯಿಸಿದ ಇಂಜಿನ್ನು ಕೊನೆಗೂ ಸ್ಟಾರ್ಟ್ ಆದಾಗ ಬಾನೆಟ್ಟಿನ ಮೇಲೆ ಅಂಗೈ ಇಟ್ಟು "ಬ್ಯೂಟಿಫುಲ್ ಬಾಸ್ಟರ್ಡ್" ಎನ್ನುತ್ತಿದ್ದರು. ಮಗಳು ಪಾಸಾದಾಗ ಅಪ್ಪನ ದನಿ ಇರುತ್ತದಲ್ಲ, ಅದೇ ದನಿ.

ಇನ್ನೊಂದು ಶಬ್ದವಿದೆ. ಹೇಳಬೇಕಾದ ದಿನ ಅದನ್ನು ಹೇಳಲಿಲ್ಲವಾದ್ದರಿಂದ ಇಲ್ಲಿ ಬರೆದೇ ಬಿಡುತ್ತೇನೆ: ಫಕ್. ಬರೆಯುವ ಮುಂಚೆ ಒಮ್ಮೆ ಹಿಂತಿರುಗಿ ನೋಡಿಕೊಂಡೆ, ಯಾರೂ ಇಲ್ಲ. ಅದಕ್ಕೆ ಅವರು ಬಾಲಗಳನ್ನು ಕಟ್ಟಿ ಬೇರೆ ಬೇರೆ ಕೆಲಸಕ್ಕೆ ಹಚ್ಚಿದ್ದರು. ಫಕಾಫ್ ಎಂದರೆ ತೊಲಗು, ಫಕಾಲ್ ಎಂದರೆ ಏನೂ ಇಲ್ಲ ಎಂದರ್ಥ. ಸಂಸೆಯಿಂದ, ಕಳಸದಿಂದ ಜೀಪು ತಂದ ಡ್ರೈವರುಗಳು ಮುಖ ಸಣ್ಣ ಮಾಡಿಕೊಂಡು ನಿಂತಿರುತ್ತಿದ್ದರು. ಸಾಹೇಬರು ಬಾನೆಟ್ಟಿನೊಳಗೆ ಇಣುಕಿ "ಫಕಾಲ್ ಮಾರಾಯ, ತಗೊಂಡು ಹೋಗು" ಎಂದರೆ ಅವರ ಮುಖ ಅರಳುತ್ತಿತ್ತು. ದೇವಸ್ಥಾನದ ಭಟ್ಟರ ಸ್ಕೂಟರು ಒಮ್ಮೆ ವಿಚಿತ್ರ ಸದ್ದು ಮಾಡುತ್ತಿತ್ತು. ತೋರಿಸಿಕೊಂಡು ಹೊರಟವರು ನನ್ನ ಅಂಗಡಿಯ ಮುಂದೆ ನಿಂತು, "ಏನೂ ಯೋಚನೆ ಇಲ್ವಂತೆ ಅಮ್ಮ, ಸಾಹೇಬ್ರು ಫಕಾಲ್ ಅಂದ್ರು" ಎಂದು ಸಮಾಧಾನದಿಂದ ಹೇಳಿ ಹೋದರು. ನಾನು ಬಾಯಿಗೆ ಬಟ್ಟೆಯ ತುಂಡು ಒತ್ತಿಕೊಂಡು ನಕ್ಕೆ.

ಇಷ್ಟೆಲ್ಲ ಬೈಯುವವರು ಸುಮ್ಮನಾದರೆ ಮಾತ್ರ ಎಲ್ಲರಿಗೂ ಭಯ. ಗೇರ್‌ಬಾಕ್ಸ್ ಬಿಚ್ಚಿ ನೋಡಿ ಸಾಹೇಬರು ಏನೂ ಅನ್ನದೆ ಕೈ ಒರೆಸಿಕೊಂಡರೆ ಡ್ರೈವರಿಗೆ ತಿಳಿಯುತ್ತಿತ್ತು, ಇನ್ನು ಇದು ಎದ್ದು ಬರುವ ಗಾಡಿಯಲ್ಲ ಎಂದು.

ನನ್ನನ್ನು ಅವರು ಕರೆಯುತ್ತಿದ್ದದ್ದು ಬ್ಲಡಿ ಟೈಲರ್ ಎಂದು. ಅದೂ ಬಹುವಚನದಲ್ಲಿ. "ಏನ್ರೀ ಬ್ಲಡಿ ಟೈಲರ್, ಟೀ ಆಯ್ತಾ?" ಎಂದು ತಗಡನ್ನು ಎರಡು ಸಲ ಬಡಿಯುತ್ತಿದ್ದರು. ನನ್ನ ಗಂಡನಿಗೆ ಎಸ್ಟೇಟಿನಲ್ಲಿ ಅದೇ ಬ್ಲಡಿ ದಿನಾ ಬೆಳಿಗ್ಗೆ ಸಿಗುತ್ತಿತ್ತು. ಆಳುಗಳೆಲ್ಲ ಸಾಲಾಗಿ ನಿಂತಿರುವಾಗ, ಅವರ ಮುಂದೆಯೇ, ಮ್ಯಾನೇಜರ ಬಾಯಿಂದ ಬ್ಲಡಿ ಫೂಲ್ ಎಂದು. ಹಾಗೆ ಅನ್ನಿಸಿಕೊಂಡು ಬಂದ ದಿನ ಅವರು ತಟ್ಟೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದರು. ಗಂಡನ ಊಟ ಕಿತ್ತುಕೊಂಡ ಶಬ್ದ ಇಲ್ಲಿ ನನ್ನ ಬೆನ್ನು ತಟ್ಟುತ್ತಿತ್ತು. ಈ ಸಂಗತಿಯನ್ನು ನಾನು ಗಂಡನಿಗೆ ಯಾವತ್ತೂ ಹೇಳಲಿಲ್ಲ.

ಮಗಳಿಗೆ ಏಳು ವರ್ಷವಾಗಿದ್ದಾಗ ಒಂದು ಮಧ್ಯಾಹ್ನ ಅಂಗಡಿಯಲ್ಲೇ ಜ್ವರ ನೆತ್ತಿಗೇರಿ ಅವಳ ಕೈಕಾಲು ಸೆಟೆದುಕೊಂಡವು. ನಾನು ಕೂಗಿದ್ದೊಂದು ನೆನಪು. ಸಾಹೇಬರು ರಿಪೇರಿಗೆ ಬಂದಿದ್ದ ಯಾರದೋ ಜೀಪಿನಲ್ಲಿ ನಮ್ಮನ್ನು ಹಾಕಿಕೊಂಡು ಮೂಡಿಗೆರೆಗೆ ಹೊರಟರು. ಅದರ ಬ್ರೇಕು ಅರ್ಧ ಬಿಚ್ಚಿತ್ತು ಎಂದು ಆಮೇಲೆ ಗೊತ್ತಾಯಿತು. ದಾರಿಯುದ್ದಕ್ಕೂ ಬೈದರು. ತಿರುವಿಗೆ ಬೈದರು, ಎದುರು ಬಂದ ಬಸ್ಸಿಗೆ ಬೈದರು, ಆಡುಗಳಿಗೆ ಬೈದರು. ನಡುನಡುವೆ ಹಿಂತಿರುಗಿ ನೋಡದೆ ಮಗಳಿಗೆ, "ಹೋಲ್ಡಾನ್, ಲಿಟಲ್ ಬಗ್ಗರ್, ಹೋಲ್ಡಾನ್" ಎನ್ನುತ್ತಿದ್ದರು. ನಾನು ಮಗುವನ್ನು ಅಪ್ಪಿಕೊಂಡು ಒಂದನ್ನೇ ಬೇಡಿಕೊಳ್ಳುತ್ತಿದ್ದೆ, ಈ ಮನುಷ್ಯ ಸುಮ್ಮನಾಗದಿರಲಿ ಎಂದು. ಅವರು ಬೈಯುತ್ತಿರುವವರೆಗೆ ಮಗಳಿಗೆ ಏನೂ ಆಗುವುದಿಲ್ಲ ಎಂದು ನನಗೆ ಹೇಗೋ ಖಾತ್ರಿಯಾಗಿತ್ತು. ಆಸ್ಪತ್ರೆಯ ಬಾಗಿಲವರೆಗೂ ಅವರು ನಿಲ್ಲಿಸಲಿಲ್ಲ. ಮಗಳು ಉಳಿದಳು.

ಅದೇ ಮಗಳು ಹೈಸ್ಕೂಲಿಗೆ ಬಂದ ಮೇಲೆ ಒಂದು ದಿನ ಫೋನಿನಲ್ಲಿ ಆ ಶಬ್ದಗಳ ನಿಜವಾದ ಅರ್ಥ ಹುಡುಕಿ, ತಾನು ಓದಲು ನಾಚಿಕೊಂಡು, ಫೋನನ್ನೇ ನನ್ನ ಕೈಗೆ ಕೊಟ್ಟಳು. ಓದಿ ನನ್ನ ಕಿವಿ ಬಿಸಿಯಾಯಿತು. ಎರಡು ದಿನ ಸಾಹೇಬರ ಜತೆ ಮಾತಾಡಲಿಲ್ಲ. ಮೂರನೆಯ ದಿನ ಅವರೇ ಬಂದು ಬಾಗಿಲಲ್ಲಿ ನಿಂತು ಏನಾಯಿತು ಎಂದು ಕೇಳಿದರು. ನಾನು ನೆಲ ನೋಡುತ್ತಾ, "ಆ ಮಾತುಗಳ ಅರ್ಥ ನಿಮಗೆ ಗೊತ್ತಾ ಸಾಹೇಬ್ರೆ?" ಎಂದೆ. ಅವರು ಹೇಳಿದರು:

"ಗೊತ್ತು. ಅದಕ್ಕೇ ಇಂಗ್ಲಿಷಲ್ಲಿ ಹೇಳೋದು. ನಮ್ಮ ಭಾಷೆಲಿ ಬೈದ್ರೆ ತಾಗುತ್ತೆ ಮಾರಾಯ್ರೆ, ಅದ್ರಲ್ಲಿ ಅಮ್ಮ ಅಕ್ಕ ಎಲ್ಲ ಬರ್ತಾರೆ. ಇದು ಹಾಗಲ್ಲ. ಇಂಗ್ಲಿಷು ಇಲ್ಲಿ ಯಾರ ಮನೇದೂ ಅಲ್ಲ. ಯಾರಿಗೂ ತಾಗಲ್ಲ."

ಆಗ ಯೋಚಿಸಿ ನೋಡಿದೆ. ಹೌದು, ಅಷ್ಟು ವರ್ಷಗಳಲ್ಲಿ ತಗಡಿನ ಆಚೆಯಿಂದ ಒಂದು ಕನ್ನಡದ ಬೈಗುಳ ಕೇಳಿರಲಿಲ್ಲ. ಮನೆಯಲ್ಲಿ ಅವರು ಆಡುವ ಬ್ಯಾರಿ ಮಾತಿನದ್ದೂ ಇಲ್ಲ. ಆ ಮಾತು ನನಗೆ ಒಪ್ಪಿಗೆಯಾಯಿತು. ಈ ಗುಡ್ಡಗಳಲ್ಲಿ ನಾವೆಲ್ಲರೂ ಹಾಗೆಯೇ ನಂಬಿಕೊಂಡಿದ್ದೆವು. ದೊರೆಗಳು ಎಸ್ಟೇಟು ಬಿಟ್ಟು ಹೋಗುವಾಗ ಹಳೆಯ ಸಾಮಾನಿನ ಜತೆ ಬಿಟ್ಟುಹೋದ ಶಬ್ದಗಳು, ವಾರಸುದಾರರಿಲ್ಲದ ವಸ್ತು, ಯಾರು ಬೇಕಾದರೂ ಎತ್ತಿಕೊಂಡು ಬಳಸಬಹುದು ಎಂದು. ಹೋಂಸ್ಟೇಗಳು ಬಂದ ಮೇಲೆ, ಇಂಗ್ಲಿಷೇ ಮನೆಮಾತಾದ ಜನ ದಿನಾ ಈ ರಸ್ತೆಯಲ್ಲಿ ಓಡಾಡತೊಡಗಿದ ಮೇಲೂ ಆ ನಂಬಿಕೆಯನ್ನು ಬದಲಿಸಬೇಕು ಎಂದು ನಮಗೆ ಹೊಳೆಯಲಿಲ್ಲ.

ಆ ದಿನ ನನ್ನ ಹೊಲಿಗೆ ಮಿಷನ್ನು ಅವರ ಬೆಂಚಿನ ಮೇಲಿತ್ತು. ಒಂದು ವಾರದಿಂದ ಹೊಲಿಗೆ ತಪ್ಪಿಸುತ್ತಿತ್ತು. ಮೂಡಿಗೆರೆಗೆ ಒಯ್ಯುತ್ತೇನೆ ಎಂದರೆ ಸಾಹೇಬರು ಬಿಡಲಿಲ್ಲ, ತಾವೇ ಎತ್ತಿಕೊಂಡು ಹೋಗಿ, ಪೇಪರ್ ಹಾಸಿ, ಅಡಿಯ ಭಾಗ ಬಿಚ್ಚಿ ಹರಡಿಟ್ಟಿದ್ದರು. ನಾನು ಕೈಯಲ್ಲಿ ಬ್ಲೌಸುಗಳಿಗೆ ಹುಕ್ಕು ಹಾಕುತ್ತಾ ಕೂತಿದ್ದೆ. ಹಾಗಾಗಿ ನನ್ನ ಅಂಗಡಿಯಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ.

ಹೋಂಸ್ಟೇಗೆ ಹೋಗುವ ಕಲ್ಲುದಾರಿಯಲ್ಲಿ ಅಡಿ ಬಡಿಸಿಕೊಂಡ ಒಂದು ಕಾರು ಬಂತು. ಸೈಲೆನ್ಸರ್ ಜೋತುಬಿದ್ದಿತ್ತು. ಓಡಿಸುತ್ತಿದ್ದವರು ಮೂವತ್ತೈದರ ಆಸುಪಾಸಿನ ಒಬ್ಬ ಹೆಂಗಸು, ಜತೆಗೆ ನಾಲ್ಕೈದು ವರ್ಷದ ಮಗಳು. ಗಂಡ ಜತೆಯಲ್ಲಿ ಬಂದಿರಲಿಲ್ಲ. ತಾಯಿ ಮಗಳು ಇಂಗ್ಲಿಷಿನಲ್ಲೇ ಮಾತಾಡಿಕೊಳ್ಳುತ್ತಿದ್ದರು. ಆಕೆ ದರ್ಪದವರೇನೂ ಅಲ್ಲ. ನನ್ನ ಹತ್ತಿರ ಮಗುವಿಗೆ ನೀರು ಕೇಳಿ ಕುಡಿಸಿದರು, ಥ್ಯಾಂಕ್ಸ್ ಹೇಳಿದರು. ಗುರುತಿಲ್ಲದ ಜಾಗ, ಸುತ್ತ ಬರೀ ಗಂಡಸರು, ಫೋನಿಗೆ ಸಿಗ್ನಲ್ ಬಂದು ಹೋಗಿ ಮಾಡುತ್ತಿತ್ತು. ಹೆದರಿದ್ದರು ಎಂದು ಈಗ ಅನ್ನಿಸುತ್ತದೆ.

ಸಾಹೇಬರು ಕಾರಿನ ಅಡಿ ಸೇರಿದರು. ಸೈಲೆನ್ಸರಿನ ಒಂದು ಬೋಲ್ಟು ತುಕ್ಕು ಹಿಡಿದು ಕೂತಿತ್ತು. ಅರ್ಧ ಗಂಟೆ ಅದರ ಜತೆ ಅವರ ಸಂಸಾರ ನಡೆಯಿತು. ಗಾಡಿಗಳೆಲ್ಲ ಅವರಿಗೆ ಹೆಣ್ಣು, ಅದರ ಬೋಲ್ಟುಗಳೂ ಹೆಣ್ಣೇ. "ಬಾ ಮಾರಾಯ್ತಿ... ಹಟ ಮಾಡ್ಬೇಡ... ಸ್ವಲ್ಪ ತಿರುಗು..." ಎಂದು ರಮಿಸುತ್ತಿದ್ದರು. ಎಣ್ಣೆ ಬಿಟ್ಟರು, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರು. ಅಷ್ಟರಲ್ಲಿ ಆ ಹೆಂಗಸು ಗಂಡನಿಗೆ ಕಳಿಸಲೆಂದು ಕಾರಿನ ಸ್ಥಿತಿಯ ವಿಡಿಯೋ ಮಾಡುತ್ತಾ ಹತ್ತಿರ ಬಂದು, ಇನ್ನೂ ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದರು. ಸುತ್ತಿಗೆಯ ಸದ್ದಿನಲ್ಲಿ ಅದು ಸಾಹೇಬರಿಗೆ ಮುಟ್ಟಲೇ ಇಲ್ಲ. ಅದೇ ಗಳಿಗೆಗೆ ಸ್ಪ್ಯಾನರ್ ಜಾರಿ ಅವರ ಬೆರಳಿನ ಗೆಣ್ಣು ತರಚಿತು. "ಫಕಾಫ್ ಮಾರಾಯ್ತಿ" ಎಂದರು.

ಆಕೆಯ ಮುಖ ನೋಡಿದೆ. ಯಾರೋ ಕೆನ್ನೆಗೆ ಹೊಡೆದ ಹಾಗೆ ಬಿಳಿಚಿತ್ತು. ಎದ್ದುಹೋಗಿ, ಅದು ನಿಮಗಲ್ಲಮ್ಮ, ಬೋಲ್ಟಿಗೆ ಎನ್ನಬೇಕು ಎಂದುಕೊಂಡೆ. ಕೈಯಲ್ಲಿದ್ದ ಹುಕ್ಕು ಮುಗಿಸಿ ಏಳೋಣ ಎಂದುಕೊಂಡೆ. ಅಷ್ಟರಲ್ಲಿ ಆಕೆ ಮಗುವನ್ನು ಎತ್ತಿಕೊಂಡು, ರಸ್ತೆಯಲ್ಲಿ ಬಂದ ಜೀಪಿಗೆ ಕೈ ತೋರಿಸಿ ಹತ್ತಿ ಹೋಗಿಬಿಟ್ಟರು. ಸಾಹೇಬರು ಬೋಲ್ಟನ್ನು ಹಿಡಿದುಕೊಂಡು ಹೊರಗೆ ಬಂದು, "ಬಂತು ನೋಡಿ ಬ್ಲಡಿ ಟೈಲರ್" ಎಂದು ತೋರಿಸಿದರು. ಆಮೇಲೆ ಆಚೀಚೆ ನೋಡಿ, "ಎಲ್ಲಿ ಹೋದ್ರು ಅವರು?" ಎಂದು ಕೇಳಿದರು. ಸಂಜೆ ಹೋಂಸ್ಟೇಯ ಡ್ರೈವರ್ ಬಂದು ಕಾರು ತೆಗೆದುಕೊಂಡು ಹೋದ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಆ ವಿಡಿಯೋ ಎಲ್ಲರ ಫೋನಿನಲ್ಲಿತ್ತು. ಅದರಲ್ಲಿ ಸಾಹೇಬರ ಮುಖವಿಲ್ಲ, ಪಾದಗಳು ಮಾತ್ರ. ಹೆಂಗಸಿನ ದನಿ ಮರ್ಯಾದೆಯಿಂದ ಒಂದು ಪ್ರಶ್ನೆ ಕೇಳುತ್ತದೆ, ಕಾರಿನ ಅಡಿಯಿಂದ ಉತ್ತರ ಬರುತ್ತದೆ. ಹಿಂದಿನ ಅರ್ಧ ಗಂಟೆ ಅದರಲ್ಲಿಲ್ಲ. ನೋಡಿದವರು ಏನು ತಿಳಿದರೂ ಅವರ ತಪ್ಪಲ್ಲ, ಸಾಹೇಬರ ಪರಿಚಯವಿಲ್ಲದಿದ್ದರೆ ನಾನೂ ಹಾಗೆಯೇ ತಿಳಿಯುತ್ತಿದ್ದೆ. ಆದರೆ ಎರಡೇ ದಿನದಲ್ಲಿ ಮಾತು ಬೈಗುಳದ್ದಾಗಿ ಉಳಿಯಲಿಲ್ಲ, ಸಾಹೇಬರ ಹೆಸರಿನದ್ದಾಯಿತು. ಆ ಹೆಸರಿನ ಜನರೆಲ್ಲ ಹೀಗೆಯೇ ಎಂದು ಯಾವ್ಯಾವುದೋ ಊರಿನವರು ಬರೆದರು. ತಮ್ಮ ಜೀಪು ಕೆಟ್ಟಾಗ ಇವರ ಗ್ಯಾರೇಜಿಗೇ ತಂದವರೂ ಅದಕ್ಕೆ ಲೈಕಿನ ಹೆಬ್ಬೆಟ್ಟು ಒತ್ತಿದರು.

ಮೂರನೆಯ ದಿನ ಬೆಳಿಗ್ಗೆ ಕಟ್ಟಡದ ಯಜಮಾನರು ತಮ್ಮ ಬಂಗಲೆಯ ಜಗಲಿಗೆ ಎಲ್ಲರನ್ನೂ ಕರೆಸಿದರು. ಒಬ್ಬ ಪೊಲೀಸಿನವರು, ಸಾಲಿನ ಅಂಗಡಿಯವರು, ನಾಲ್ಕೈದು ಡ್ರೈವರುಗಳು ಇದ್ದರು. ನನ್ನ ಗಂಡ ಕಂಬದ ಹಿಂದೆ ನಿಂತಿದ್ದರು. ಸಾಹೇಬರು ಒಗೆದ ಬಿಳಿ ಅಂಗಿ ಹಾಕಿಕೊಂಡು ಮೆಟ್ಟಿಲ ಕೆಳಗಿದ್ದರು, ಅಷ್ಟು ಬಿಳಿಯ ಅಂಗಿಯಲ್ಲಿ ಅವರನ್ನು ನಾನು ಮೊದಲು ನೋಡಿರಲಿಲ್ಲ. ಯಜಮಾನರು ಕೆಟ್ಟವರಲ್ಲ. ಅವರು ಹೇಳಿದ್ದು ಇಷ್ಟೇ: ಆ ಹೆಂಗಸು ಇನ್ನೂ ಬರವಣಿಗೆಯಲ್ಲಿ ದೂರು ಕೊಟ್ಟಿಲ್ಲ. ಮಾತು ಗಾಡಿಗೆ ಆಡಿದ್ದು, ಆಕೆಗಲ್ಲ ಎಂದು ಕಣ್ಣಾರೆ ಕಂಡವರು ಒಬ್ಬರು ಹೇಳಿದರೆ ತಾವೇ ಆಕೆಗೆ ಫೋನ್ ಮಾಡುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಇಲ್ಲವಾದರೆ ಗ್ಯಾರೇಜು ಇಲ್ಲಿ ಮುಂದುವರಿಯುವುದು ಕಷ್ಟ. ಆಮೇಲೆ ನನ್ನ ಕಡೆ ತಿರುಗಿದರು.

"ಪಕ್ಕದಲ್ಲೇ ಇದ್ದವರು ನೀವು. ಹೆಂಗಸಿನ ಮಾತು ಹೆಂಗಸು ಹೇಳಿದ್ರೆ ಆಕೆ ನಂಬ್ತಾರೆ. ಏನಂದ್ರು, ಯಾರಿಗಂದ್ರು, ಇದ್ದದ್ದು ಇದ್ದ ಹಾಗೆ ಹೇಳಿ."

ಒಳಬಾಗಿಲಲ್ಲಿ ಯಜಮಾನರ ಹೆಂಡತಿ ಕಾಫಿಯ ಟ್ರೇ ಹಿಡಿದು ನಿಂತಿದ್ದರು. ನಾನು ಹೊಲಿದ ಬ್ಲೌಸನ್ನೇ ತೊಟ್ಟಿದ್ದರು. ಅವರ ಮುಂದೆ ಆ ಮಾತನ್ನು ನನ್ನ ಬಾಯಿಂದ ಹೇಳುವುದು ಹೇಗೆ? ಹೇಳಿದರೆ, ಇವಳಿಗೆ ಇದೆಲ್ಲ ಅರ್ಥವಾಗುತ್ತದೆಯೇ, ಇಷ್ಟು ವರ್ಷ ಕೇಳಿಸಿಕೊಂಡು ಕೂತಿದ್ದಳೇ ಎಂದು ಅವರು ಯೋಚಿಸುವುದು ನನಗೆ ಅವರ ಮುಖದಲ್ಲಿ ಆಗಲೇ ಕಾಣತೊಡಗಿತು. ಕಂಬದ ಹಿಂದೆ ನನ್ನ ಗಂಡ ಕೆಮ್ಮಿದರು. ಆ ಶಬ್ದವನ್ನು ಹೇಳದೆಯೂ ಹೇಳಬಹುದಿತ್ತು. ಬೋಲ್ಟಿಗೆ ಅಂದದ್ದು ಎಂದರೆ ಸಾಕಿತ್ತು, ಎರಡು ಪದ, ಎರಡೂ ಮರ್ಯಾದಸ್ಥ ಪದಗಳು. ಅದು ಹೊಳೆದದ್ದು ಮನೆಗೆ ಬಂದ ಮೇಲೆ.

"ನಂಗೆ ಕೇಳಿಸ್ಲಿಲ್ಲ" ಎಂದೆ. "ಮಿಷನ್ ಓಡ್ತಾ ಇತ್ತು, ಅದರ ಸದ್ದಲ್ಲಿ ಏನೂ ಕೇಳಿಸ್ಲಿಲ್ಲ."

ಸಾಹೇಬರು ತಲೆಯೆತ್ತಿ ನನ್ನನ್ನು ನೋಡಿದರು. ನನ್ನ ಮಿಷನ್ನು ಆ ಹೊತ್ತಿಗೂ ಅವರ ಬೆಂಚಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಅದು ಆ ಜಗಲಿಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಮಿಷನ್ ನನ್ನ ಹತ್ರ ಇತ್ತಲ್ಲ ಎಂದು ಅವರು ಬಾಯಿಬಿಟ್ಟಿದ್ದರೆ ನನ್ನ ಸುಳ್ಳು ಅಲ್ಲೇ ಬಿದ್ದುಹೋಗುತ್ತಿತ್ತು, ನಾನು ನಿಜ ಹೇಳಲೇಬೇಕಾಗುತ್ತಿತ್ತು, ಅವರು ಉಳಿಯುತ್ತಿದ್ದರು. ಅವರು ಏನೂ ಅನ್ನಲಿಲ್ಲ. ಗೇರ್‌ಬಾಕ್ಸ್ ನೋಡಿ ಮುಗಿದವರ ಹಾಗೆ, ಎರಡೂ ಕೈಗಳನ್ನು ಅಂಗಿಯ ಅಂಚಿಗೆ ಮೆಲ್ಲಗೆ ಒರೆಸಿಕೊಂಡರು.

ಅಲ್ಲೇ ಅವರಿಂದ ಕ್ಷಮೆ ಕೇಳಿಸಿ ಇನ್ನೊಂದು ವಿಡಿಯೋ ಮಾಡಿದರು. ಅದರಲ್ಲಿ ಮುಖ ಇತ್ತು. ಕೈ ಮುಗಿದು, ಯಾರೋ ಚೀಟಿಯಲ್ಲಿ ಬರೆದುಕೊಟ್ಟಿದ್ದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ತಿಂಗಳೊಳಗೆ ಮಳಿಗೆ ಖಾಲಿ ಮಾಡುವುದೆಂದು ಮಾತಾಯಿತು.

ಮಾರನೆಯ ದಿನ ನಾನು ಹೋಗುವ ಮೊದಲೇ ಅವರು ನನ್ನ ಮಿಷನ್ನನ್ನು ತಂದು ಬಾಗಿಲ ಮುಂದೆ ಕಾಯುತ್ತಿದ್ದರು. ಬಾಗಿಲು ತೆಗೆದೆ. ಸ್ಟ್ಯಾಂಡಿನ ಮೇಲೆ ಕೂರಿಸಿ, ಬೆಲ್ಟು ಹಾಕಿ, ದಾರ ಪೋಣಿಸಿ, ಒಂದು ಚಿಂದಿಯ ಮೇಲೆ ಒಂದು ಗೇಣು ಹೊಲಿದು ತೋರಿಸಿದರು. ಒಂದು ಹೊಲಿಗೆಯೂ ತಪ್ಪಿರಲಿಲ್ಲ. ಅಷ್ಟೂ ಹೊತ್ತು ಅವರ ಬಾಯಿಂದ ಒಂದು ಶಬ್ದ ಬರಲಿಲ್ಲ. ದಾರ ಕತ್ತರಿಸಿ ಎದ್ದು ನಿಂತು, "ಆಯ್ತು ಮೇಡಂ" ಎಂದರು. ಹನ್ನೊಂದು ವರ್ಷದಲ್ಲಿ ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಅಂದಿನಿಂದ ಕೊನೆಯವರೆಗೂ ನಾನು ಅವರಿಗೆ ಮೇಡಂ ಆದೆ.

ಸಾಮಾನು ಕಟ್ಟುವ ಆ ತಿಂಗಳು ತಗಡಿನ ಆಚೆಯಿಂದ ಬರೀ ಕಬ್ಬಿಣದ ಸದ್ದು ಬಂತು. ಸುತ್ತಿಗೆ ಬೀಳುವುದು ಕೇಳುತ್ತಿತ್ತು, ನಾನು ಸೂಜಿ ಹಿಡಿದು ಕಾಯುತ್ತಿದ್ದೆ, ಅದರ ಹಿಂದೆ ಬರಬೇಕಾದ ಮಾತು ಬರುತ್ತಿರಲಿಲ್ಲ. ಆ ಮೌನದಲ್ಲಿ ನನಗೆ ಹೊಲಿಯಲು ಆಗುತ್ತಿರಲಿಲ್ಲ. ಹೋಗಿ ಕಾಲು ಹಿಡಿಯಬೇಕು ಎಂದು ದಿನಾ ಬೆಳಿಗ್ಗೆ ನಿರ್ಧರಿಸುವುದು, ಸಂಜೆ ಬಾಗಿಲು ಹಾಕಿಕೊಂಡು ಮನೆಗೆ ಹೋಗುವುದು, ಹೀಗೆ ಇಪ್ಪತ್ತೆಂಟು ದಿನ ಕಳೆದೆ.

ಆಮೇಲೆ ಅವರು ಮಸೀದಿಯ ಹಿಂದಿನ ಓಣಿಯಲ್ಲಿದ್ದ ತಮ್ಮ ಮನೆಯ ಅಂಗಳದಲ್ಲೇ ಕೆಲಸ ಮಾಡಲು ನೋಡಿದರು. ಹಳೆಯ ಡ್ರೈವರುಗಳು ಕೆಲವರು ಅಲ್ಲಿಗೂ ಹೋದರು. ಹೆಚ್ಚು ದಿನ ಹೋಗಲಿಲ್ಲ. ಅವರಲ್ಲೊಬ್ಬ ನನ್ನ ಹತ್ತಿರ ಹೇಳಿದ: "ಕೈಯೇನೋ ಅದೇ ಕೈ ಅಕ್ಕಾ. ಆದ್ರೆ ಮಾತೇ ಆಡಲ್ಲ ಅವರು. ಬಾನೆಟ್ ತೆಗೆದು ಸುಮ್ನೆ ನಿಂತಿರ್ತಾರೆ. ಗಾಡಿ ಹೋಯ್ತೇನೋ ಅಂತ ನಮ್ಗೆ ಕೈಕಾಲು ಬಿದ್ದುಹೋಗುತ್ತೆ. ಏನಾಗಿದೆ ಅಂದ್ರೆ, ಏನೂ ತೊಂದರೆ ಇಲ್ಲ ಸರ್ ಅಂತಾರೆ. ನನ್ಗೆ ಸರ್ ಅಂತಾರೆ ಅಕ್ಕಾ." ಅವನು ನಗಲು ನೋಡಿದ, ಆಗಲಿಲ್ಲ. ನಾನು ತಲೆ ತಗ್ಗಿಸಿ ಮಿಷನ್ ತುಳಿಯತೊಡಗಿದೆ.

ಎರಡು ವರ್ಷದ ಮೇಲೆ ಅವರ ಕಿಡ್ನಿ ಕೈಕೊಟ್ಟಿದೆ, ಆಸ್ಪತ್ರೆಯಿಂದ ಮನೆಗೆ ಕಳಿಸಿಬಿಟ್ಟಿದ್ದಾರೆ ಎಂದು ಸುದ್ದಿ ಬಂತು. ಆಗ ಹೋದೆ. ಅಷ್ಟು ಕಾಲ ತಡೆದವಳು ಆಗ ಯಾಕೆ ಹೋದೆ ಎಂದರೆ, ಇನ್ನು ಅವರಿಂದ ನನಗಾಗಲಿ ನನ್ನಿಂದ ಅವರಿಗಾಗಲಿ ಏನೂ ಆಗುವಂತಿರಲಿಲ್ಲ, ಧೈರ್ಯ ಸುಲಭವಾಗಿತ್ತು. ಅವರ ಹೆಂಡತಿ ಬಾಗಿಲಲ್ಲೇ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡರು, ಹಾಲು ಹಾಕದ ಬಿಸಿ ಟೀ ತಂದುಕೊಟ್ಟರು. ಅವರಿಗೆ ಏನೂ ಗೊತ್ತಿರಲಿಲ್ಲ. "ಟೈಲರ್ ಅಂಗಡಿಯವರಲ್ವಾ, ನಿಮ್ಮ ಮಗಳನ್ನ ಜೀಪಲ್ಲಿ ಕರ್ಕೊಂಡು ಹೋದ್ದು ಯಾವಾಗ್ಲೂ ಹೇಳ್ತಿದ್ರು" ಎಂದರು.

ಮಂಚದ ಮೇಲೆ ಹೊದಿಕೆಯ ಹೊರಗೆ ಪಾದಗಳು ಕಂಡವು. ಮೊದಲು ನೋಡಿದ್ದು ಅದನ್ನೇ, ಆದರೆ ಗುರುತು ಹತ್ತಲಿಲ್ಲ. ಊದಿಕೊಂಡು, ತೊಳೆದು, ಬೆಳ್ಳಗಿದ್ದವು. ಹಿಮ್ಮಡಿಯ ಬಿರುಕಿನಲ್ಲಿ ಆಯಿಲ್ ಇರಲಿಲ್ಲ. ಉಗುರಿಲ್ಲದ ಹೆಬ್ಬೆರಳು ನೋಡಿ ಅವರದ್ದೇ ಎಂದು ತಿಳಿಯಬೇಕಾಯಿತು.

"ಬನ್ನಿ ಮೇಡಂ, ಕೂತ್ಕೊಳ್ಳಿ" ಎಂದರು. "ಮಿಷನ್ ಹೇಗಿದೆ?"

"ಚೆನ್ನಾಗಿದೆ" ಎಂದೆ. ಆಮೇಲೆ ಹೇಳಿದೆ: "ಸಾಹೇಬ್ರೆ, ಅವತ್ತು ನಂಗೆ ಕೇಳಿಸಿತ್ತು."

"ಗೊತ್ತು ಮೇಡಂ. ಮಿಷನ್ ನನ್ನ ಹತ್ರ ಇತ್ತಲ್ಲ."

"ಮತ್ತೆ ನೀವ್ಯಾಕೆ ಹೇಳ್ಲಿಲ್ಲ?"

"ನೀವು ಹೆದರಿದ್ರಿ" ಎಂದರು. "ನಿಮ್ಗೂ ಅಂಗಡಿ ಇದೆಯಲ್ಲ. ಯಾರಾದ್ರು ಒಬ್ರು ಇರ್ಲಿ ಅಂತ."

ನನಗೆ ತಡೆಯಲಾಗಲಿಲ್ಲ. ಎರಡು ವರ್ಷದಿಂದ ಹೇಳದೆ ಇಟ್ಟುಕೊಂಡಿದ್ದದ್ದು ಒಮ್ಮೆಲೇ ಬಂತು. "ನೀವು ಬೋಲ್ಟಿಗೆ ಅಂದದ್ದು" ಎಂದೆ. "ಅರ್ಧ ಗಂಟೆಯಿಂದ ಅದನ್ನ ರಮಿಸ್ತಾ ಇದ್ರಿ. ಕೈ ಜಾರ್ತು, ಆಗ ಬೋಲ್ಟಿಗೆ ಫಕಾಫ್ ಮಾರಾಯ್ತಿ ಅಂದ್ರಿ. ಅಷ್ಟೇ ಅಂದದ್ದು ನೀವು. ಬೋಲ್ಟಿಗೆ." ದನಿ ಏರಿತ್ತು. ನನ್ನ ಜೀವಮಾನದಲ್ಲಿ ಆ ಶಬ್ದವನ್ನು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ.

ಸಾಹೇಬರು ಗಾಬರಿಯಿಂದ ಕೈಯೆತ್ತಿದರು. ಒಳಕೋಣೆಗೆ ಇಳಿಬಿಟ್ಟಿದ್ದ ಪರದೆಯ ಕಡೆ ನೋಡಿದರು. ಅದರ ಹಿಂದೆ ಅವರ ಮಗಳು, ಮೊಮ್ಮಕ್ಕಳು ಇದ್ದರು. ಸಾಹೇಬರ ಮುಖದಲ್ಲಿ ನಾಚಿಕೆ ತುಂಬಿತ್ತು.

"ಮೆಲ್ಲಗೆ ಮೇಡಂ" ಎಂದರು. "ಒಳಗೆ ಹೆಣ್ಮಕ್ಕಳಿದ್ದಾರೆ."

ಆ ಮಾತು ಕೇಳಿದ ಮೇಲೆ ನಾನು ಕ್ಷಮೆ ಕೇಳಲೂ ಇಲ್ಲ. ಕೇಳುವುದಾದರೆ ಬ್ಲಡಿ ಟೈಲರ್ ಎಂದು ತಗಡು ಬಡಿಯುತ್ತಿದ್ದ ಮನುಷ್ಯನನ್ನು ಕೇಳಬೇಕಿತ್ತು. ಮಂಚದ ಮೇಲಿದ್ದವರು ಅವರಾಗಿರಲಿಲ್ಲ. ಅವರನ್ನು ನಾನು ಆ ಜಗಲಿಯಲ್ಲೇ ಕಳೆದುಕೊಂಡಿದ್ದೆ. ಟೀ ಕುಡಿದು, ನಮಸ್ಕಾರ ಮಾಡಿ ಬಂದೆ.

ಆರನೆಯ ದಿನ ಅವರು ಹೋದರು. ಮಯ್ಯತ್ತು ಗಂಡಸರ ಹೆಗಲ ಮೇಲೆ ನಮ್ಮ ಅಂಗಡಿ ಸಾಲಿನ ಮುಂದಿನಿಂದಲೇ ಸಾಗಿತು. ಅದರ ಹಿಂದೆ ಹೆಂಗಸರು ಹೋಗುವುದಿಲ್ಲ, ನಾನು ಬಾಗಿಲಲ್ಲಿ ನಿಂತಿದ್ದೆ. ಜೀಪುಗಳನ್ನು ಬದಿಗೆ ನಿಲ್ಲಿಸಿ ಡ್ರೈವರುಗಳು ಇಳಿದು ನಿಂತಿದ್ದರು. ನನಗೆ ಹಿಂದೊಮ್ಮೆ ಇದೇ ರಸ್ತೆಯಲ್ಲಿ ಒಬ್ಬ ಮುದಿ ಲಾರಿ ಡ್ರೈವರನ ಹೆಣ ಸಾಗಿದ್ದು ನೆನಪಾಯಿತು. ಆಗ ಸಾಹೇಬರು ಕೈಯ ಗ್ರೀಸು ಒರೆಸಿಕೊಳ್ಳುತ್ತಾ ಗ್ಯಾರೇಜಿನಿಂದ ಹೊರಗೆ ಬಂದು, ಕಣ್ಣು ತುಂಬಿಕೊಂಡು, ಎಲ್ಲರಿಗೂ ಕೇಳುವ ಹಾಗೆ "ಗುಡ್ ಬಗ್ಗರ್" ಎಂದಿದ್ದರು. ಅದಕ್ಕಿಂತ ದೊಡ್ಡ ಮಾತು ಅವರ ಹತ್ತಿರ ಇರಲಿಲ್ಲ. ಈ ಸಲ ಅದನ್ನು ಅವರಿಗಾಗಿ ಯಾರಾದರೂ ಅನ್ನಬೇಕಿತ್ತು. ಅನ್ನಲು ಗೊತ್ತಿದ್ದವಳು ನಾನು. ತುಟಿಯವರೆಗೆ ಬಂದಿತ್ತು. ಬ್ಲೌಸಿನ ಅಳತೆ ಕೊಡಲು ಬಂದಿದ್ದ ಯಜಮಾನರ ಹೆಂಡತಿ ನನ್ನ ಪಕ್ಕದಲ್ಲೇ ನಿಂತಿದ್ದರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಪಕ್ಕದ ಮಳಿಗೆಯಲ್ಲಿ ಈಗ ಹೋಂಸ್ಟೇಯವರ ಆಫೀಸಿದೆ. ತಗಡು ತೆಗೆದು ಗೋಡೆ ಕಟ್ಟಿದ್ದಾರೆ, ಆಚೆಯಿಂದ ಏನೂ ಕೇಳುವುದಿಲ್ಲ. ಮಿಷನ್ನು ಇವತ್ತಿಗೂ ಒಂದು ಹೊಲಿಗೆ ತಪ್ಪಿಸಿಲ್ಲ.

ಅಂದು ಅನ್ನಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಗುಡ್ ಬಗ್ಗರ್, ಸಾಹೇಬ್ರೆ. ಬರೆಯುವುದು ಸುಲಭ, ಯಾರಿಗೂ ಕೇಳಿಸುವುದಿಲ್ಲ.